ತವರಿಗೆ ಬಾರದ ಪೆಟ್ಟಿಗೆ

ಬೆಚ್ಚಗಾದ ಮೇಣದ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಮೊದಲು ನನಗೆ ತಿಳಿಯಲಿಲ್ಲ. ಹುಮನಾಬಾದಿನ ನನ್ನ ಗಿಟಾರ್ ಕ್ಲಾಸು ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆ. ಅಲ್ಲಿಗೆ ಬರುವ ವಾಸನೆಗಳೇ ಬೇರೆ, ಅವಕ್ಕೆ ನನ್ನ ಮೂಗು ಹೊಂದಿಕೊಂಡು ವರ್ಷಗಳಾಗಿವೆ. ಕಳೆದ ಆಷಾಢದ ಒಂದು ಬೆಳಿಗ್ಗೆ ಕೊಡಂಬಲದ ಭಜನಾ ಮಂಡಳಿಯ ಇಬ್ಬರು ಹಿರಿಯರು ಟಂಟಂ ಆಟೋದಲ್ಲಿ ಒಂದು ಮರದ ಪೆಟ್ಟಿಗೆ ತಂದು ಇಳಿಸಿದರು. ಮಂಡಳಿಗೆ ಹೊಸ ಸೌಂಡ್ ಸಿಸ್ಟಮ್ ಬಂದಿತ್ತಂತೆ. ಇದು ಹಳೆಯ ಆಂಪ್ಲಿಫೈಯರ್, ಹಾರ್ಮೋನಿಯಮ್ಮಿನ ಮುಂದಿನ ಮೈಕಿಗೆ ಹಚ್ಚುತ್ತಿದ್ದರಂತೆ. ಕೊಳ್ಳುವಾಗ ಕಲಬುರಗಿಯ ಅಂಗಡಿಯವನು ಇದು ಗಿಟಾರಿನದು ಎಂದು ಹೇಳಿದ್ದು ನೆನಪಾಗಿ ನನ್ನ ಹತ್ತಿರ ತಂದಿದ್ದರು.

ಪೆಟ್ಟಿಗೆಗೆ ಹಳೆಯ ಚಾದರಿನ ಗವಸು ಹೊಲಿಸಿದ್ದರು. ಗವಸಿನ ಹಿಂಬದಿಯನ್ನಷ್ಟೇ ಎತ್ತಿ ಪ್ಲಗ್ ಹಾಕಿ, ಅವರ ಜೊತೆ ಚಹಾ ಕುಡಿಯುತ್ತ ಕೂತೆ. ನಾಲ್ಕೈದು ನಿಮಿಷವಾಗಿರಬೇಕು. ಮೊದಲು ಧೂಳು ಕಾಯುವ ವಾಸನೆ, ಆಮೇಲೆ ಬೆಸುಗೆಯ ರಾಳದ್ದು, ಅದರ ಹಿಂದೆಯೇ ಮೇಣದ್ದು... ಲೋಟ ಕೆಳಗಿಟ್ಟು ಎದ್ದು ಗವಸು ಪೂರ್ತಿ ತೆಗೆದೆ. ಪೆಟ್ಟಿಗೆಯ ಮುಖಕ್ಕೆ ಬಟ್ಟೆಯ ಬದಲು ಬೆತ್ತದ ಹೆಣಿಗೆ ಇತ್ತು, ಹಳೇ ಟಾಕೀಸಿನ ಬಾಲ್ಕನಿ ಕುರ್ಚಿಯಿಂದ ಬಿಚ್ಚಿ ಕೂಡಿಸಿದ್ದು. ಅದನ್ನು ಕೂಡಿಸುವಾಗ ಒಂದು ಮೂಲೆಯನ್ನು ಹಿಡಿದುಕೊಂಡವನು ನಾನೇ.

ಇಬ್ಬರಲ್ಲಿ ದೊಡ್ಡವರು ಪೆಟ್ಟಿಗೆಯ ತಲೆ ಸವರಿ ಹೇಳಿದರು. "ಇಪ್ಪತ್ತ ವರ್ಷದ ಮ್ಯಾಲಾತ್ರಿ. ಒಂದ ದಿನ ಕೈ ಕೊಟ್ಟಿಲ್ಲ. ನಾವು ಬಿಚ್ಚೇ ಇಲ್ಲ ನೋಡ್ರಿ."

ಹಾಗೆನ್ನುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು. ನನಗೆ ಮಾತ್ರ ನೆಲದಲ್ಲಿ ಇಳಿದು ಹೋದರೆ ಸಾಕು ಎನಿಸಿತು. ಏಕೆಂದರೆ ಈ ಪೆಟ್ಟಿಗೆ ಸುಟ್ಟುಹೋಯಿತು ಎಂದು ಇಪ್ಪತ್ತೆರಡು ವರ್ಷದ ಹಿಂದೆ ನಾನು ಒಬ್ಬರಿಗೆ ಹೇಳಿದ್ದೆ. ಅವರು ಅದನ್ನು ನಂಬಿದ್ದರು.

ಅವರನ್ನು ನಾನು ಚಾಚಾ ಎಂದು ಕರೆಯುತ್ತಿದ್ದೆ. ಬಸವಕಲ್ಯಾಣದಲ್ಲಿ ಕೋಟೆಯ ಕೆಳಗಿನ ಓಣಿಯಲ್ಲಿ ಅವರ ಮನೆ; ಮನೆಯ ಮುಂದಿನ ಕೋಣೆಯೇ ಅಂಗಡಿ. ರೇಡಿಯೋ, ಟೇಪ್‌ರೆಕಾರ್ಡರ್, ಮೈಕ್ ಸೆಟ್ಟಿನ ಮಷಿನ್ನು ಎಲ್ಲ ರಿಪೇರಿ ಮಾಡುತ್ತಿದ್ದರು. ಬೋರ್ಡು ಇರಲಿಲ್ಲ. ಗೊತ್ತಿದ್ದವರು ಬರುತ್ತಿದ್ದರು, ಗೊತ್ತಿಲ್ಲದವರು ಓಣಿಯಲ್ಲಿ ಕೇಳಿಕೊಂಡು ಬರುತ್ತಿದ್ದರು. ಬಿಳಿ ಪೈಜಾಮ, ಬನಿಯನ್, ಹಣೆಯ ಮೇಲಕ್ಕೆ ಸರಿಸಿದ ಕನ್ನಡಕ. ಆ ಕನ್ನಡಕವನ್ನು ಅವರು ಮೂಗಿನ ಮೇಲೆ ಇಳಿಸಿದರೆ ಯಾರೂ ಮಾತಾಡಬಾರದು ಎಂದು ಅರ್ಥ.

ಆಗ ನನಗೆ ಇಪ್ಪತ್ತೈದರ ಆಚೀಚೆ. ಹುಮನಾಬಾದಿನಲ್ಲಿ ಆರು ಮಂದಿ ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿದ್ದೆವು. ಮದುವೆ, ಗಣಪತಿ, ಉರುಸು, ಯಾರು ಕರೆದರೂ ಹೋಗುತ್ತಿದ್ದೆವು. ನಾನು ಗಿಟಾರ್ ಬಾರಿಸುತ್ತಿದ್ದೆ, ಚೆನ್ನಾಗಿಯೇ ಬಾರಿಸುತ್ತೇನೆ ಎಂಬ ಧಿಮಾಕು ಬೇರೆ. ಆದರೆ ಮೈಕ್ ಸೆಟ್ಟಿನ ಮಷಿನ್ನಿಗೆ ವೈರು ಸಿಕ್ಕಿಸಿದರೆ ನನ್ನ ಗಿಟಾರಿನ ದನಿ ತಗಡಿನ ಮೇಲೆ ಕಡಲೆ ಸುರಿದ ಹಾಗೆ ಬರುತ್ತಿತ್ತು. ಕ್ಯಾಸೆಟ್ಟಿನಲ್ಲಿ ಕೇಳುತ್ತಿದ್ದ ದುಂಡು ದನಿ ಎಲ್ಲಿ, ಇದೆಲ್ಲಿ. ಮೊದಲು ತಂತಿಗಳನ್ನು ಬೈದೆ, ಆಮೇಲೆ ಗಿಟಾರನ್ನು, ಆಮೇಲೆ ಡ್ರಮ್ ಬಾರಿಸುವವನನ್ನು. ಕೊನೆಗೆ ಮೈಕ್ ಸೆಟ್ಟಿನವನಿಗೆ ನನ್ನ ಗೊಣಗಾಟ ಕೇಳಿ ಸಾಕಾಗಿ, ಕಲ್ಯಾಣಕ್ಕೆ ಹೋಗಿ ಚಾಚಾನ ತಲೆ ತಿನ್ನು ಎಂದು ಕಳಿಸಿದ.

ನಾನು ಹೋಗಿ ನೇರವಾಗಿ ವ್ಯಾಟಿನ ಲೆಕ್ಕ ಶುರುಮಾಡಿದೆ. ಇಷ್ಟು ಜೋರು ಬೇಕು, ಇಷ್ಟು ದೊಡ್ಡ ಸ್ಪೀಕರ್ ಬೇಕು... ಚಾಚಾ ಕೇಳಿಸಿಕೊಂಡರೋ ಇಲ್ಲವೋ. ಗಿಟಾರ್ ತೆಗೆ ಎಂದರು. ಎಲ್ಲಿಗೂ ಸಿಕ್ಕಿಸದೆ ಹಾಗೆಯೇ ಬಾರಿಸಲು ಹೇಳಿ ನನ್ನ ಬೆರಳುಗಳನ್ನು ನೋಡುತ್ತ ಕೂತರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ನೀ ಬಾರಿಸ್ವಾಗ ಮುಂದಿನ ಸಾಲಿನ್ಯಾಗ ಯಾರು ಕೂಡ್ತಾರ?"

ಸ್ಟೇಜಿನ ಮೇಲೆ ನಿಂತಾಗ ನಾನು ನನ್ನ ಕೈ ನೋಡುತ್ತಿದ್ದೆ, ತಪ್ಪಿದರೆ ಹುಡುಗಿಯರ ಕಡೆ. ಮುಂದಿನ ಸಾಲಿನಲ್ಲಿ ಮುದುಕರು ಇರುತ್ತಾರೆ, ಚಾಪೆಯ ಮೇಲೆ ಸಣ್ಣ ಮಕ್ಕಳು ಇರುತ್ತಾರೆ, ಎಲ್ಲಕ್ಕಿಂತ ಜೋರು ಬಡಿಯುವುದು ಅವರ ಕಿವಿಗೆ ಎಂದು ಚಾಚಾ ವಿವರಿಸಿದರು. ಗಿಟಾರಿನವರು ತಮ್ಮ ಕಿವಿಗೆ ದನಿ ಹುಡುಕುತ್ತಾರೆ, ಆದರೆ ಪೆಟ್ಟಿಗೆ ಮಾಡಬೇಕಾದದ್ದು ಕೂತವರ ಕಿವಿಗೆ. ಅದಕ್ಕೇ ಒಂದು ಪೆಟ್ಟಿಗೆಯಿಂದ ಎಂದೂ ಆಗುವುದಿಲ್ಲ, ಮೂರು ಬೇಕು. ಅಂಗಳಕ್ಕೆ ಒಂದು, ಹಾಲ್‌ಗೆ ಒಂದು, ಬಯಲಿಗೆ ಒಂದು.

ನಾನು ನಕ್ಕೆ. ಒಂದಕ್ಕೇ ಗತಿಯಿಲ್ಲ, ಮೂರು ಎಲ್ಲಿಂದ ತರಲಿ ಎಂದೆ. ಅವರೂ ನಕ್ಕರು. "ಒಂದ ಜೋಡ ಚಪ್ಪಲ್ ಮ್ಯಾಲ ಕೆಸರಿನ ಹೊಲಕ್ಕೂ ಹೋಗಿ ಲಗ್ನಕ್ಕೂ ಹೋಗ್ತಿಯೇನು ಬೇಟಾ?"

ಮೊದಲು ಅಂಗಳದ್ದು ಮಾಡಿದರು. ಎರಡು ಕೈಯಲ್ಲಿ ಎದೆಗೆ ಒತ್ತಿ ಹಿಡಿದು ಬಸ್ಸು ಹತ್ತಬಹುದಾದ ಸಣ್ಣ ಪೆಟ್ಟಿಗೆ. ಹಳೆಯ ರೇಡಿಯೋಗಳಿಂದ ತೆಗೆದ, ಬಲ್ಬಿನಂಥ ಗಾಜಿನ ವಾಲ್ವುಗಳು ಅದರಲ್ಲಿದ್ದವು. ಪೂರ್ತಿ ತಿರುಗಿಸಿದರೂ ಚೀರುತ್ತಿರಲಿಲ್ಲ, ದನಿ ಸ್ವಲ್ಪ ಒಡೆದು ದಪ್ಪಗಾಗುತ್ತಿತ್ತು. ಮನೆಯ ಮುಂದಿನ ಚಪ್ಪರದಲ್ಲಿ ನೂರು ಮಂದಿಗೆ ಅದು ಸಾಕೆಂದರೆ ಸಾಕು. ದೊಡ್ಡ ಮಷಿನ್ನನ್ನು ಸಣ್ಣ ಜಾಗದಲ್ಲಿ ಮೆಲ್ಲಗೆ ನುಡಿಸಿದರೆ ಅದರ ಜೀವವೇ ಏಳುವುದಿಲ್ಲ ಎಂದು ಚಾಚಾ ಹೇಳಿದ್ದರು. ಕೇಳಿದ ಮೇಲೆ ಗೊತ್ತಾಯಿತು. ಹಾಲ್‌ನದರ ಹಿಂಬದಿಯನ್ನು ಅರ್ಧ ತೆರೆದಿಟ್ಟರು, ದನಿ ಕೋಣೆ ತುಂಬಲಿ ಎಂದು. ಬಯಲಿನದರ ಹಿಂಬದಿ ಪೂರ್ತಿ ಮುಚ್ಚಬೇಕು, ಆಗ ದನಿ ಮುಂದಕ್ಕೆ ಹೋಗುತ್ತದೆ. ಇಷ್ಟು ಸರಳ ಮಾತನ್ನು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಹಾಲ್‌ನ ಪೆಟ್ಟಿಗೆ ಆಗಲು ಒಂದು ಬೇಸಿಗೆ ಹಿಡಿಯಿತು. ಅದರ ಕರೆಂಟಿನ ಟ್ರಾನ್ಸ್‌ಫಾರ್ಮರ್ ಮುಚ್ಚಿಹೋದ ಟಾಕೀಸಿನ ಮಷಿನ್ನಿನಿಂದ ಬಂದದ್ದು, ಅದನ್ನು ಬಲಗಡೆ ಕೂಡಿಸಿದರು. ಎಡಗಡೆಯದು ದನಿಯನ್ನು ಸ್ಪೀಕರಿಗೆ ದಾಟಿಸುವ ಟ್ರಾನ್ಸ್‌ಫಾರ್ಮರ್. ಅದನ್ನು ಚಾಚಾ ಕೈಯಿಂದಲೇ ಸುತ್ತುತ್ತಿದ್ದರು. ತಾಮ್ರದ ತಂತಿಯ ಉರುಳೆಯನ್ನು ನಾನು ಹಿಡಿದು ಕೂಡಬೇಕು, ಅವರು ಸುತ್ತಬೇಕು. ನೂರು ಸುತ್ತಿಗೆ ಒಂದು ಹುಣಸೆ ಬೀಜ ಎತ್ತಿ ತಗಡಿನ ಮುಚ್ಚಳದಲ್ಲಿ ಹಾಕುತ್ತಿದ್ದರು. ಆ ಹೊತ್ತಿನಲ್ಲಿ ಗಿರಾಕಿ ಬಂದರೆ ಒಳಗಿನಿಂದ ಅವರ ಹೆಂಡತಿ ಚಾಚಿ ಬಂದು ಬಾಗಿಲಲ್ಲೇ ಕೈಸನ್ನೆ ಮಾಡಿ ಕಳಿಸುತ್ತಿದ್ದರು. ಒಂದು ಸಲ ನಾನು ಸೀನಿದೆ. ಲೆಕ್ಕ ತಪ್ಪಿತು. ಚಾಚಾ ಆ ಪದರು ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಿದರು. ಸುತ್ತಿ ಮುಗಿದ ಮೇಲೆ ಕರಗಿದ ಮೇಣದಲ್ಲಿ ಅದ್ದಿ ತೆಗೆದು ಹಗ್ಗಕ್ಕೆ ತೂಗು ಹಾಕುತ್ತಿದ್ದರು. ಮನೆಯೆಲ್ಲ ಅದೇ ವಾಸನೆ.

ಹೀಗೆ ಅವರ ಕೈಯಲ್ಲಿ ಸುತ್ತಿದ ಟ್ರಾನ್ಸ್‌ಫಾರ್ಮರ್ ಇದ್ದ ಪೆಟ್ಟಿಗೆಗಳು ಆಗ ಏಳು ಇದ್ದವು. ನನ್ನವು ಎರಡು. ಕಲ್ಯಾಣದ ಖವ್ವಾಲಿ ತಂಡದ ಹತ್ತಿರ ಎರಡು, ಮೋರಖಂಡಿಯ ಭಜನೆಯವರ ಹತ್ತಿರ ಎರಡು, ಮಂಠಾಳದಲ್ಲಿ ಗಿಟಾರ್ ಬಾರಿಸುತ್ತಿದ್ದ ಒಬ್ಬ ಮಾಸ್ತರರ ಹತ್ತಿರ ಒಂದು. ಪ್ರತಿಯೊಂದರ ಒಳಮೈ ಮೇಲೂ ಚಾಚಾ ಪೆನ್ಸಿಲ್ಲಿನಲ್ಲಿ ಉರ್ದುವಿನಲ್ಲಿ ಒಂದೆರಡು ಸಾಲು ಬರೆಯುತ್ತಿದ್ದರು. ಏನು ಬರೆದಿರಿ ಎಂದು ಕೇಳಿದರೆ, ಅದು ತಮಗೂ ಪೆಟ್ಟಿಗೆಗೂ ಸಂಬಂಧಪಟ್ಟದ್ದು ಎಂದು ನಗುತ್ತಿದ್ದರು.

ಪೆಟ್ಟಿಗೆ ಒಯ್ಯುವವರಿಗೆ ಅವರದು ಒಂದೇ ಷರತ್ತು. "ನಿಮ್ಮ ಮನ್ಯಾಗ ಪಂಚಮಿಗಿ ಹೆಣ್ಮಕ್ಕಳು ತವರಿಗಿ ಬರ್ತಾರಿಲ್ಲೋ? ಇವೂ ಹಂಗ. ವರ್ಷಕ್ಕ ಒಮ್ಮ ನನ್ನ ಮನಿಗಿ ಬರಬೇಕು."

ಶ್ರಾವಣ ಆಗಷ್ಟೇ ಹಿಡಿದಿರುತ್ತಿತ್ತು, ಮದುವೆಗಳು ಇನ್ನೂ ಶುರುವಾಗಿರುತ್ತಿರಲಿಲ್ಲ. ನಾಗರ ಪಂಚಮಿಯ ಮರುದಿನ ಎಲ್ಲ ಪೆಟ್ಟಿಗೆಗಳೂ ಅವರ ಕೋಣೆಯಲ್ಲಿ ಸಾಲಾಗಿ ಕೂಡುತ್ತಿದ್ದವು. ನಾವು ಮನೆಯಿಂದ ಉಂಡಿ, ಅಳ್ಳಿಟ್ಟು ಕಟ್ಟಿಕೊಂಡು ಹೋಗುತ್ತಿದ್ದೆವು, ಚಾಚಿ ಚಹಾದ ಮೇಲೆ ಚಹಾ ಕಳಿಸುತ್ತಿದ್ದರು. ಚಾಚಾ ಒಂದೊಂದರ ಹಿಂದಿನ ಹಲಗೆ ಬಿಚ್ಚಿ, ಬ್ರಷ್‌ನಿಂದ ಧೂಳು ಕೊಡವಿ, ವಾಲ್ವುಗಳ ಕಾಲು ಒರೆಸಿ, ಮತ್ತೆ ಕೂಡಿಸಿ ನುಡಿಸಲು ಹೇಳುತ್ತಿದ್ದರು. ಆ ದಿನ ಅವರ ಮುಖ ನೋಡಬೇಕಿತ್ತು... ಎಲ್ಲ ಹೆಣ್ಣುಮಕ್ಕಳೂ ಬಂದ ಮನೆಯ ಯಜಮಾನನ ಖುಷಿ ಅದು. ಆ ದಿನಕ್ಕಾಗಿಯೇ ಅವರು ವರ್ಷವಿಡೀ ಕಾಯುತ್ತಿದ್ದರು ಎಂದು ನನಗೆ ಈಗ ಅನಿಸುತ್ತದೆ.

ನನ್ನ ಬಯಲಿನ ಪೆಟ್ಟಿಗೆಯ ಕೆಲಸ ಶುರುವಾಗಿತ್ತು. ಅದೊಂದು ಆದರೆ ಮೂರೂ ಆಗುತ್ತಿದ್ದವು.

ಆ ವರ್ಷ ಬೇಸಿಗೆಯಲ್ಲಿ ನಮಗೆ ಕಲಬುರಗಿಯ ಒಂದು ದೊಡ್ಡ ಫಂಕ್ಷನ್ ಹಾಲ್‌ನಲ್ಲಿ ಕಾರ್ಯಕ್ರಮ ಸಿಕ್ಕಿತು. ಅದೇ ಮದುವೆಗೆ ಹೈದರಾಬಾದಿನ ಒಂದು ತಂಡವೂ ಬಂದಿತ್ತು. ಅವರ ಹತ್ತಿರ ಕರಿ ಬಣ್ಣದ, ಸಾಲು ಸಾಲು ಗುಂಡಿಗಳ, ಹೊಳೆಯುವ ಹೆಸರಿನ ಪಟ್ಟಿ ಬಡಿದ ಆಂಪ್ಲಿಫೈಯರುಗಳು. ಅವರ ಗಿಟಾರಿನವನು ನನ್ನ ಬೆತ್ತದ ಮುಖದ ಪೆಟ್ಟಿಗೆಯ ಮುಂದೆ ಬಗ್ಗಿ ನೋಡಿ, ಒಳಗೆ ಕೋಳಿ ಇದೆಯೇ ಎಂದು ಕೇಳಿದ. ಎಲ್ಲರೂ ನಕ್ಕರು. ನಮ್ಮ ತಂಡದವರೂ ನಕ್ಕರು. ನಾನೂ ನಕ್ಕೆ, ಅದು ಅವರೆಲ್ಲರ ನಗುವಿಗಿಂತ ಕೆಟ್ಟದ್ದು. ಹಾಡು ಶುರುವಾದ ಮೇಲೆ ಮುಂದಿನ ಸಾಲಿನಲ್ಲಿ ಒಬ್ಬ ಮುದುಕರು ಕಣ್ಣು ಮುಚ್ಚಿ ತಲೆದೂಗುತ್ತಿದ್ದದ್ದನ್ನು ನೋಡಿದೆ. ನೋಡಿಯೂ ನನ್ನ ಕಿವಿಯಲ್ಲಿ ಕೋಳಿಯ ಮಾತೇ ಕೂತಿತ್ತು.

ವಾರದೊಳಗೆ ಕಲಬುರಗಿಯ ಒಂದು ವಾದ್ಯದಂಗಡಿಗೆ ಹೋಗಿ, ಹಾಲ್‌ನ ಪೆಟ್ಟಿಗೆಯನ್ನು ಬದಲಿಗೆ ಕೊಟ್ಟು ಅಂಥದೇ ಕರಿ ಆಂಪ್ಲಿಫೈಯರ್ ತಂದೆ. ಅದರಲ್ಲಿ ಹನ್ನೆರಡು ಗುಂಡಿಗಳಿದ್ದವು. ಹನ್ನೆರಡನ್ನೂ ಎಲ್ಲ ದಿಕ್ಕಿಗೂ ತಿರುಗಿಸಿದೆ. ನನ್ನ ದನಿ ಮಾತ್ರ ಎಲ್ಲಿಯೂ ಸಿಗಲಿಲ್ಲ. ಯಾರಿಗೂ ಹೇಳಲಿಲ್ಲ. ನೋಡಲು ಚೆನ್ನಾಗಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಪಂಚಮಿ ಬಂತು. ಹೋಗದೆ ಇರಬಹುದಿತ್ತು, ಜ್ವರ ಬಂದಿದೆ ಎಂದು ಹೇಳಿ ಕಳಿಸಬಹುದಿತ್ತು. ಆದರೆ ಬಯಲಿನ ಪೆಟ್ಟಿಗೆಯ ಆಸೆ ಬಿಟ್ಟಿರಲಿಲ್ಲ, ಅದು ನನ್ನ ನಾಚಿಕೆಗೇಡಿತನ. ಅಂಗಳದ ಸಣ್ಣ ಪೆಟ್ಟಿಗೆ ಒಂದನ್ನೇ ಎದೆಗೆ ಒತ್ತಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಯೋಚಿಸಿದೆ. ನಿಜ ಹೇಳಿದರೆ ಏನಾಗುತ್ತಿತ್ತು? ಚಾಚಾ ಒಂದು ದಿನ ಮುಖ ಊದಿಸಿಕೊಳ್ಳುತ್ತಿದ್ದರು. ಮರುದಿನ ಚಪ್ಪಲಿಯ ಮಾತು ಹೇಳಿ ನಗುತ್ತಿದ್ದರು. ಅಷ್ಟೇ... ಅಷ್ಟೂ ನನಗೆ ಆಗಲಿಲ್ಲ. ನಿಮ್ಮ ಪೆಟ್ಟಿಗೆ ಹಿಡಿದು ನಿಲ್ಲಲು ನನಗೆ ಮರ್ಯಾದೆ ಕಡಿಮೆ ಅನಿಸಿತು ಎಂದು ಆ ಮನುಷ್ಯನ ಮುಖ ನೋಡಿ ಹೇಳುವುದು ಹೇಗೆ?

ಚಾಚಾ ನನ್ನ ಹಿಂದೆ ಬಾಗಿಲ ಕಡೆ ನೋಡಿದರು, ಇನ್ನೊಂದನ್ನು ಯಾರೋ ಹೊತ್ತು ತರುತ್ತಿರಬಹುದು ಎಂಬಂತೆ. ಎರಡನೆಯದು ಎಲ್ಲಿ ಎಂದು ಕೇಳಿದರು.

"ಸುಟ್ಟ ಹೋಯ್ತು ಚಾಚಾ," ಎಂದೆ.

ಕೋಣೆಯಲ್ಲಿ ಮಂಠಾಳದ ಮಾಸ್ತರರು, ಮೋರಖಂಡಿಯವರು ಎಲ್ಲ ಇದ್ದರು. ಚಾಚಾ ಎದ್ದು ಬಂದು ಮೊದಲು ನನ್ನ ಎರಡೂ ಅಂಗೈ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಸ್ಟೇಜಿನ ಮೇಲೆ ಯಾರಿಗಾದರೂ ಏನಾದರೂ ಆಯಿತೇ, ಮಕ್ಕಳು ಮುಂದೆ ಕೂತಿದ್ದರೇ ಎಂದು ಕೇಳಿದರು. ಇಲ್ಲ ಎಂದೆ. ಸುಟ್ಟದ್ದನ್ನಾದರೂ ತರಬೇಕಿತ್ತು, ನೋಡುತ್ತಿದ್ದೆ ಎಂದರು. ಕಲಬುರಗಿಯಲ್ಲೇ ಕಸಕ್ಕೆ ಹೋಯಿತು ಎಂದೆ. ಒಂದು ಸುಳ್ಳಿನ ಹಿಂದೆ ಇನ್ನೊಂದು ಎಷ್ಟು ಸಲೀಸಾಗಿ ಬರುತ್ತಿತ್ತೆಂದರೆ ನನಗೇ ಆಶ್ಚರ್ಯ.

ಆಗ ಅವರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಕೇಳಿದರು. "ಹಿಂದಿಂದ ನೋಡಿದ್ರ, ಹೊಗಿ ಯಾವ ಕಡಿಂದ ಬಂತು?"

"ಎಡಕ್ಕ," ಎಂದೆ.

ಯಾಕೆ ಹಾಗೆಂದೆನೋ. ಏನಾದರೂ ಹೇಳಬೇಕಿತ್ತು, ಬಾಯಿಗೆ ಬಂದದ್ದು ಹೇಳಿದೆ. ಬಲಕ್ಕೆ ಎಂದಿದ್ದರೆ ಟಾಕೀಸಿನ ಹಳೇ ಮಾಲಿನ ಮೇಲೆ ತಪ್ಪು ಹೋಗುತ್ತಿತ್ತು. ಚಾಚಾನ ಮುಖ ಇಳಿದದ್ದನ್ನು ನೋಡಿದ ಮೇಲೆಯೇ ಎಡಗಡೆ ಏನಿತ್ತು ಎಂಬುದು ನನ್ನ ತಲೆಗೆ ಹೊಳೆದದ್ದು. ಉರುಳೆ ಹಿಡಿದು ಕೂತ ಮಧ್ಯಾಹ್ನಗಳು, ಹುಣಸೆ ಬೀಜಗಳು... ಮಾತು ಬಾಯಿಂದ ಹೋಗಿಯಾಗಿತ್ತು.

ಅವರು ನಿಧಾನವಾಗಿ ತಮ್ಮ ಜಾಗಕ್ಕೆ ಹೋಗಿ ಕೂತರು. ನಾನು ತಂದ ಸಣ್ಣ ಪೆಟ್ಟಿಗೆಯನ್ನು ಎಳೆದುಕೊಂಡು ಬಿಚ್ಚಿದರು. ಬಹಳ ಹೊತ್ತು ನೋಡಿದರು, ಮೀಟರಿನ ಕಡ್ಡಿ ಇಟ್ಟು ನೋಡಿದರು, ಮೂಗು ಹತ್ತಿರ ಒಯ್ದು ಮೂಸಿದರು. ಎಲ್ಲ ಸರಿ ಇತ್ತು. ಆದರೂ ಕಟರ್ ತೆಗೆದುಕೊಂಡು ಎಡಗಡೆಯ ಟ್ರಾನ್ಸ್‌ಫಾರ್ಮರಿನ ತಂತಿಗಳನ್ನು ಒಂದೊಂದಾಗಿ ಕತ್ತರಿಸಿ ಅದನ್ನು ಹೊರಗೆ ತೆಗೆದರು. ಆ ದಿನ ಅಲ್ಲಿಗೆ ಬಂದಿದ್ದ ಬೇರೆ ಪೆಟ್ಟಿಗೆಗಳದ್ದೂ ಅದೇ ಗತಿ. ಉಂಡಿಯ ಡಬ್ಬಿಗಳನ್ನು ಯಾರೂ ಬಿಚ್ಚಲಿಲ್ಲ.

ಮಂಠಾಳದ ಮಾಸ್ತರರು ಆ ವರ್ಷ ತಮ್ಮ ಪೆಟ್ಟಿಗೆ ತಂದಿರಲಿಲ್ಲ, ಮಳೆಗೆ ಹೆದರಿ ಬಿಟ್ಟು ಬಂದಿದ್ದರು. ಎರಡು ದಿನ ಬಿಟ್ಟು ಚಾಚಾ ಹುಮನಾಬಾದಿಗೇ ಬಂದು, ನನ್ನ ಮೋಟಾರ್ ಸೈಕಲ್ ಮೇಲೆ ಮಂಠಾಳಕ್ಕೆ ಕರೆದುಕೊಂಡು ಹೋಗಲು ಕೇಳಿದರು. ಸ್ವಂತ ಕೆಲಸಕ್ಕೆ ಯಾರನ್ನೂ ಏನನ್ನೂ ಕೇಳಿದವರಲ್ಲ. ಹಿಂದೆ ಕೂತು, ಸಾಮಾನಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯಲ್ಲಿ ನನ್ನ ಕಿವಿಯ ಹತ್ತಿರ ತಮ್ಮಷ್ಟಕ್ಕೆ ಲೆಕ್ಕ ಹಾಕುತ್ತಿದ್ದರು. ಪದರಿನ ನಡುವಿನ ಕಾಗದ ತೆಳ್ಳಗಾಯಿತೋ, ಮೇಣದಲ್ಲಿ ನೀರಿತ್ತೋ, ನೀ ಸೀನಿದಾಗ ಬಿಚ್ಚಿ ಸುತ್ತಿದೆನಲ್ಲ, ಅಲ್ಲಿ ತಂತಿಗೆ ಗೀರು ಬಿತ್ತೋ... ನಾನು ಎಕ್ಸಿಲರೇಟರ್ ತಿರುಗಿಸಿದೆ, ಗಾಳಿಯ ಸದ್ದಿನಲ್ಲಿ ಕೇಳಿಸದಿರಲಿ ಎಂದು.

ಮಾಸ್ತರರ ಮನೆಯ ಕಟ್ಟೆಯ ಮೇಲೆ ಪೆಟ್ಟಿಗೆ ಬಿಚ್ಚಿ ಒಂದು ಗಂಟೆ ಹುಡುಕಿದರು. ಇಲ್ಲದ ತಪ್ಪನ್ನು ಹುಡುಕುವ ಮನುಷ್ಯನನ್ನು ನಾನು ಎದುರು ಕೂತು ನೋಡಿದೆ. ಅವರ ಹಣೆಯ ಬೆವರು ಹಲಗೆಯ ಮೇಲೆ ಬೀಳುತ್ತಿತ್ತು, ಅದನ್ನು ಬೆರಳಿನಿಂದ ಒರೆಸಿ ಮತ್ತೆ ಬಗ್ಗುತ್ತಿದ್ದರು. ಮಾಸ್ತರರಿಗೆ ತಡೆಯಲಾಗಲಿಲ್ಲ.

"ಇದು ಛಲೋ ಅದರಿ ಚಾಚಾ. ಬಿಡ್ರಿ ಅದನ್ನ."

"ಅದೂ ಛಲೋನೇ ಇತ್ತು ಮಾಸ್ತರ್, ಸುಡೋ ತನಕ. ಅದಕ್ಕೂ ಇದಕ್ಕೂ ಕೈ ಒಂದ."

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಅಷ್ಟರಲ್ಲಿ ಮಾಸ್ತರರು ನನ್ನ ಕಡೆ ತಿರುಗಿ, ನೀನು ಪುಣ್ಯವಂತ, ದೊಡ್ಡದರಲ್ಲಿ ಪಾರಾದೆ ಎಂದರು. ಚಾಚಾ ಕತ್ತೆತ್ತಿ ನನ್ನನ್ನು ನೋಡಿದರು. ಆ ಕಣ್ಣಲ್ಲಿ ಇದ್ದದ್ದು ಮಾಫಿ ಕೇಳುವ ನೋಟ. ನನ್ನನ್ನು, ಮಾಫಿ! ನಾನು ತಲೆ ತಗ್ಗಿಸಿದೆ. ಮಂಠಾಳದ ಆ ಕಟ್ಟೆಯ ಮೇಲೆ ಕಟರಿನ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಖವ್ವಾಲಿಯವರಿಗೆ, ಭಜನೆಯವರಿಗೆ, ಮಾಸ್ತರರಿಗೆ ಅವರು ಪೇಟೆಯ ಟ್ರಾನ್ಸ್‌ಫಾರ್ಮರ್ ತಂದು ಕೂಡಿಸಿ ಕೊಟ್ಟರು. ದನಿ ಮೊದಲಿನಂತೆ ಬರಲಿಲ್ಲ ಎಂದು ಅವರೆಲ್ಲ ಹೇಳಿದರೂ ಚಾಚಾ ಒಪ್ಪಲಿಲ್ಲ. ನನ್ನ ಬಯಲಿನ ಪೆಟ್ಟಿಗೆ ಮರದ ಚೌಕಟ್ಟಾಗಿಯೇ ಉಳಿಯಿತು. ಮುಂದೆ ಯಾರಾದರೂ ಪೆಟ್ಟಿಗೆ ಮಾಡಿಕೊಡಿ ಎಂದು ಹೋದರೆ, ಬೇರೆಯವರು ಮಾಡಿದ್ದನ್ನು ರಿಪೇರಿ ಮಾಡುತ್ತೇನೆ, ನಾನು ಮಾಡುವುದಿಲ್ಲ ಎನ್ನುತ್ತಿದ್ದರಂತೆ. ಮಿಕ್ಸರ್, ಫ್ಯಾನು, ಟೀವಿಯ ರಿಮೋಟು... ಪಂಚಮಿಯ ಮರುದಿನ ಅವರ ಕೋಣೆಗೆ ಯಾರೂ ಹೋಗದಂತಾಯಿತು.

ನಾನಂತೂ ಆ ಓಣಿಯ ಕಡೆ ಹೋಗುವುದನ್ನೇ ಬಿಟ್ಟೆ. ಕಲ್ಯಾಣದಲ್ಲಿ ಕಾರ್ಯಕ್ರಮವಿದ್ದರೆ ಗಾಡಿಯಲ್ಲೇ ಕೂತಿದ್ದು, ಬಾರಿಸಿ, ಅಲ್ಲಿಂದಲೇ ವಾಪಸ್ಸು. ಈ ವರ್ಷ ಹೇಳುತ್ತೇನೆ, ಮುಂದಿನ ವರ್ಷ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ. ಸುಳ್ಳು ಹೇಳಿ ಒಂದು ವರ್ಷವಾದ ಮೇಲೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ. ಎರಡು ವರ್ಷವಾದರೆ ಅದು ಇನ್ನೂ ಕಷ್ಟ. ಹೀಗೆಯೇ ಹನ್ನೊಂದು ವರ್ಷ ಹೋದವು. ಚಾಚಾ ತೀರಿಕೊಂಡ ಸುದ್ದಿಯನ್ನು ಮಂಠಾಳದ ಮಾಸ್ತರರು ಫೋನಿನಲ್ಲಿ ತಿಳಿಸಿದರು. ಮಣ್ಣಿಗೆ ಹೋಗುವಷ್ಟು ಸಮಯವಿತ್ತು, ದಾರಿ ಅರ್ಧ ಮುಕ್ಕಾಲು ಗಂಟೆಯದು. ನಾನು ಹೋಗಲಿಲ್ಲ.

ಆರ್ಕೆಸ್ಟ್ರಾ ಮುರಿದು ಕ್ಲಾಸು ಶುರುಮಾಡಿದ ಮೇಲೆ ನಾನು ಆಂಪ್ಲಿಫೈಯರುಗಳನ್ನು ಕೊಳ್ಳುತ್ತಲೇ ಹೋದೆ. ಈಗ ಐದು ಇವೆ. ಹುಡುಗರು ಬಂದು ಸಾಲಾಗಿ ಇಟ್ಟದ್ದನ್ನು ನೋಡಿ ಬಾಯಿ ಬಿಡುತ್ತಾರೆ. ಯಾವುದು ತಗೊಳ್ಳಲಿ ಸರ್ ಎಂದು ಕೇಳಿದರೆ ನಾನು ಗಂಭೀರವಾಗಿ, ನಿನ್ನ ಮುಂದಿನ ಸಾಲಿನಲ್ಲಿ ಯಾರು ಕೂಡುತ್ತಾರೆ ಎಂದು ಕೇಳುತ್ತೇನೆ. ಆಹಾ, ಸರ್ ಏನು ಮಾತು ಹೇಳಿದರು ಎಂದು ಅವರು ಅಂದುಕೊಳ್ಳುತ್ತಾರೆ. ಎಷ್ಟೋ ವರ್ಷ ಆ ಹೊಗಳಿಕೆಯನ್ನೂ ನಾಚಿಕೆಯಿಲ್ಲದೆ ಇಟ್ಟುಕೊಂಡೆ. ಚಾಚಾನ ಅಂಗಳದ ಪೆಟ್ಟಿಗೆ, ಎಡಗಡೆ ಖಾಲಿಯಾದ ಮೇಲೆ ನಾನು ಮತ್ತೆ ಕೂಡಿಸಿಕೊಳ್ಳಲು ಹೋಗದೇ ಬಿಟ್ಟದ್ದು, ಮೂಲೆಯಲ್ಲಿ ಸ್ಟೂಲಿನಂತೆ ಬಿದ್ದಿರುತ್ತದೆ.

ಕೊಡಂಬಲದ ಹಿರಿಯರು ಹೋದ ಮೇಲೆ ಪೆಟ್ಟಿಗೆಯ ಹಿಂಬದಿ ಬಗ್ಗಿ ನೋಡಿದೆ. ಪೆನ್ಸಿಲ್ಲಿನ ಸಾಲುಗಳು ಇದ್ದವು. ನನಗೆ ಓದಲು ಬರುವುದಿಲ್ಲ. ಆ ಓಣಿಯಲ್ಲಿ ಯಾರು ಉಳಿದಿದ್ದಾರೋ ಏನೋ ಎನ್ನುವುದು ಒಂದು ನೆವ, ನಿಜವಾಗಿ ಹೆದರಿಕೆಯೇ. ಮೂರು ದಿನ ಒದ್ದಾಡಿ ನಾಲ್ಕನೆಯ ದಿನ ಆಟೋದಲ್ಲಿ ಪೆಟ್ಟಿಗೆ ಹಾಕಿಕೊಂಡು ಕಲ್ಯಾಣಕ್ಕೆ ಹೋದೆ.

ಚಾಚಿ ಇದ್ದರು. ಮುಂದಿನ ಕೋಣೆ ಈಗ ಅಳಿಯನ ಮೊಬೈಲ್ ಅಂಗಡಿ; ಹಿಂದಿನ ಪಡಸಾಲೆಯಲ್ಲಿ ಮೊಮ್ಮಕ್ಕಳ ಗದ್ದಲದ ನಡುವೆ ಮಂಚದ ಮೇಲೆ ಕೂತಿದ್ದರು. ನನ್ನನ್ನು ದನಿಯಿಂದಲೇ ಗುರುತು ಹಿಡಿದರು. ಇಷ್ಟು ವರ್ಷ ಎಲ್ಲಿಗೆ ಹೋಗಿದ್ದೆ ಎಂದು ಬೈದರು, ಚಹಾ ತರಿಸಿದರು. ಆಮೇಲೆ ಅವರಾಗಿಯೇ ಆ ಮಾತು ತೆಗೆದರು. ನಿನ್ನ ಕೈಗೆ ಏನೂ ಆಗಲಿಲ್ಲ ಎಂದು ನಿನ್ನ ಚಾಚಾ ಪ್ರತಿ ರಂಜಾನಿನಲ್ಲಿ ನಿನ್ನ ಹೆಸರಿನಲ್ಲಿ ಸದ್ಕಾ ತೆಗೆಯುತ್ತಿದ್ದರು, ಬಡವರಿಗೆ ಅಕ್ಕಿ ಕೊಡುತ್ತಿದ್ದರು, ಕೊನೆಯ ವರ್ಷದ ತನಕ ಬಿಡಲಿಲ್ಲ ಎಂದರು. ಕುಡಿಯದೆಯೇ ಲೋಟ ಕೆಳಗಿಟ್ಟೆ.

ಎಲ್ಲ ಹೇಳಿದೆ. ಕೋಳಿಯ ಮಾತಿನಿಂದ ಎಡಗಡೆಯ ತನಕ, ಒಂದನ್ನೂ ಬಿಡದೆ ಹೇಳಿದೆ. ಮುಗಿದ ಮೇಲೆ ಚಾಚಿ, ಅದನ್ನು ಹಚ್ಚು ಎಂದರು. ಪ್ಲಗ್ ಹಾಕಿದೆ. ವಾಲ್ವುಗಳು ಕೆಂಪಗಾದವು, ಸ್ವಲ್ಪ ಹೊತ್ತಿಗೆ ಪಡಸಾಲೆಯಲ್ಲಿ ಮೇಣದ ವಾಸನೆ ಬಂತು. ಅವರ ಮೂಗು ಅರಳಿದ್ದು, ಕಣ್ಣು ಮುಚ್ಚಿದ್ದು ನಾನು ನೋಡಿದೆ. ಮೊಮ್ಮಗಳ ಕೈಯಿಂದ ಕನ್ನಡಕ ತರಿಸಿಕೊಂಡು, ನಾನು ಹಿಡಿದ ಟಾರ್ಚಿನ ಬೆಳಕಿನಲ್ಲಿ ಒಳಗಿನ ಸಾಲುಗಳನ್ನು ಓದಿ, ನನಗಾಗಿ ಕನ್ನಡದಲ್ಲಿ ಹೇಳಿದರು.

"ಹಾಲ್‌ನದು. ಮುಂದ ಮುದುಕರು ಕೂಡ್ತಾರ, ಹುಷಾರ್. ಎಡಕ್ಕ ಇರೋದು ನನ್ನ ಕೈಲೆ ಸುತ್ತಿದ್ದು. ನನಗಿಂತ ಹೆಚ್ಚ ದಿನ ಇರ್ತದ."

ಇದು ನಿಮ್ಮ ಮನೆಯದು, ಇಟ್ಟುಕೊಳ್ಳಿ ಎಂದು ಕೈಮುಗಿದೆ. ಚಾಚಿ ಕನ್ನಡಕ ತೆಗೆದು ಮಡಚಿದರು. ಸಿಟ್ಟಿರಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಒಯ್ಯಿ ಬೇಟಾ," ಎಂದರು. "ಈ ಮನ್ಯಾಗ ಅದು ಸುಟ್ಟು ಹೋಗ್ಯದ."

ಪೆಟ್ಟಿಗೆ ಈಗ ನನ್ನ ಕ್ಲಾಸಿನಲ್ಲಿದೆ, ಐದು ಕರಿ ಆಂಪ್ಲಿಫೈಯರುಗಳ ಪಕ್ಕದಲ್ಲಿ. ಮುಂದಿನ ಸಾಲಿನ ಮಾತನ್ನು ಹೇಳುವಾಗ ಅದು ಯಾರ ಮಾತು ಎಂದೂ ಹುಡುಗರಿಗೆ ಹೇಳುತ್ತೇನೆ. ಯಾವ ಚಾಚಾ ಸರ್ ಎಂದು ಕೇಳುತ್ತಾರೆ, ಈ ಪೆಟ್ಟಿಗೆ ಮಾಡಿದವರು ಎನ್ನುತ್ತೇನೆ. ಮಿಕ್ಕದ್ದು ಹೇಳಲು ಇನ್ನೂ ಬಾಯಿ ಬರುವುದಿಲ್ಲ, ಅದಕ್ಕೇ ಇದನ್ನು ಬರೆದೆ.

ಮೊನ್ನೆ ಪಂಚಮಿಯ ಮರುದಿನ ಕ್ಲಾಸಿಗೆ ರಜೆ ಕೊಟ್ಟಿದ್ದೆ. ಮನೆಯಿಂದ ಉಂಡಿ ಕಟ್ಟಿಕೊಂಡು ಬಂದು, ಬಾಗಿಲು ಮುಂದೆ ಮಾಡಿ, ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿದೆ. ಬ್ರಷ್‌ನಿಂದ ಧೂಳು ಕೊಡವಿದೆ, ವಾಲ್ವುಗಳ ಕಾಲು ಒರೆಸಿದೆ. ಆಮೇಲೆ ಟಾರ್ಚ್ ಹಿಡಿದು ಎಡಗಡೆ ಬಗ್ಗಿ, ಎಲ್ಲಾದರೂ ಒಂದು ಕರಿ ಕಲೆ, ಕರಗಿದ ಒಂದು ಹನಿ, ಗೀರು ಬಿದ್ದ ತಂತಿ ಇದೆಯೇ ಎಂದು ಒಂದು ಗಂಟೆ ಹುಡುಕಿದೆ, ಮಂಠಾಳದ ಕಟ್ಟೆಯ ಮೇಲೆ ಚಾಚಾ ಹುಡುಕಿದ ಹಾಗೆಯೇ.

ಏನೂ ಇರಲಿಲ್ಲ.